ಕಿಟಕಿಯ ಮೂಲೆಯ ಹೆಬ್ಬೆರಳು

ನಮ್ಮ ಬೀದಿಗೆ ಈಗ ಆಗಾಗ ಸಾಹಿತ್ಯದ ಜನ ಬರುತ್ತಾರೆ. ಹೆಗಲಿಗೊಂದು ಚೀಲ, ಕೊರಳಿಗೊಂದು ಕ್ಯಾಮೆರಾ. ನಮ್ಮ ಅಂಗಡಿಯ ಎದುರು ಮನೆಯ ಮುಂಗೋಣೆಯ ಕಿಟಕಿಯ ಮುಂದೆ ನಿಲ್ಲುತ್ತಾರೆ. ಗಾಜಿನ ಕೆಳಮೂಲೆಯಲ್ಲಿ ಅದನ್ನು ಹಿಡಿದಿಡಲು ಮೆತ್ತಿದ ಪುಟ್ಟಿ ಒಣಗಿ ಕಲ್ಲಾಗಿದೆ, ಅದರ ಮೇಲೊಂದು ಹೆಬ್ಬೆರಳ ಗುಳಿ ಇದೆ. ಅದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಯುದ್ಧಕಾಲದ ನಗರದ ಮೇಲೆ ಕಥೆ, ಪದ್ಯ ಬರೆದು ಹೆಸರಾದ ಲೇಖಕರು ಆ ಕೋಣೆಯಲ್ಲಿ ಬಾಡಿಗೆಗಿದ್ದರು. ಅವರ ಕಥೆಯಲ್ಲಿ ಬರುವ ಗಾಜಿನವನ ಹೆಬ್ಬೆರಳು ಇದೇ ಎಂದು ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ನಾನು ಅಂಗಡಿಯೊಳಗೆ ಕೂತು ಅವರನ್ನು ನೋಡುತ್ತಿರುತ್ತೇನೆ. ಆ ಗಾಜು ಕೂರಿಸಿದ್ದು ನನ್ನ ಸೋದರಮಾವ, ಅದು ನಿಜ. ಆದರೆ ಆ ಹೆಬ್ಬೆರಳು ಅವರದಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾಗಿದ್ದ ಆಳಿಗೆ ಇಷ್ಟು ಪುಟ್ಟ ಹೆಬ್ಬೆರಳು ಹೇಗೆ ಬಂತು ಅಂತ ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬೇಡವೇ? ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವಳು ಇವತ್ತು ನೀರು ಬೆರೆಸಿಲ್ಲ ಎಂದು ತಾನಾಗಿ ಹೇಳಿದರೆ ಅವತ್ತು ಇನ್ನೂ ಹೆಚ್ಚು ಬೆರೆಸಿದ್ದಾಳೆ ಎಂದೇ ನನ್ನ ಲೆಕ್ಕ. ನಾನಾಗಿದ್ದರೆ ಮೊದಲು ಆ ಬೆರಳಿನ ಅಳತೆಯನ್ನೇ ಕೇಳುತ್ತಿದ್ದೆ.

ಮಾವನದು ಗಾಜು ಕೂರಿಸುವ ಕೆಲಸ. ಅವರ ಅಪ್ಪನದೂ ಅದೇ. ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಒಂದು ಗೋಡೆಗೆ ಮರದ ಗೂಡುಗಳಲ್ಲಿ ಗಾಜಿನ ಹಾಳೆಗಳನ್ನು ನಿಲ್ಲಿಸಿರುತ್ತಿದ್ದರು. ನಡುವೆ ಕಂಬಳಿ ಹೊದಿಸಿದ ದೊಡ್ಡ ಮೇಜು. ಹಿಂದಿನ ಬಾಗಿಲು ದಾಟಿದರೆ ಅಡುಗೆಮನೆ, ಅಲ್ಲೇ ಸಂಸಾರ. ಅಮ್ಮ ತೀರಿಕೊಂಡ ಮೇಲೆ ಮಾವ ನನ್ನನ್ನು ಕರೆತಂದು ಇಲ್ಲಿಟ್ಟುಕೊಂಡರು. ನನಗಾಗ ಮದುವೆಯ ವಯಸ್ಸು. ಗಂಡು ನೋಡುವ ಬದಲು ಮಾವ ನನ್ನ ಕೈಗೆ ಪುಟ್ಟಿಯ ತಟ್ಟೆ ಕೊಟ್ಟರು. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ, ಹಿಟ್ಟಿನ ಹದಕ್ಕೆ ನಾದಿ ನಾದಿ ಇಡುವುದು ನನ್ನ ಪಾಲಿಗೆ ಬಂತು. ಎಣ್ಣೆ ಹೆಚ್ಚಾದರೆ ಬೈಗುಳ, ಕಡಿಮೆಯಾದರೆ ಹಾಡು. ಮಾವನ ಹಾಡು ಕೇಳುವುದಕ್ಕಿಂತ ಬೈಗುಳ ತಿನ್ನುವುದೇ ವಾಸಿ ಎಂದು ಎಣ್ಣೆ ಧಾರಾಳವಾಗಿ ಸುರಿಯುತ್ತಿದ್ದೆ.

ಗಾಜನ್ನು ಚೌಕಟ್ಟಿಗೆ ಕೂರಿಸಿ, ನಾಲ್ಕೂ ಬದಿಗೆ ಪುಟ್ಟಿ ಮೆತ್ತಿ, ಚಪ್ಪಟೆ ಚೂರಿಯಿಂದ ಸವರಿದ ಮೇಲೆ ಮಾವ ಕೊನೆಗೆ ಒಂದು ಕೆಲಸ ಮಾಡುತ್ತಿದ್ದರು. ಕೆಳಗಿನ ಬಲಮೂಲೆಯಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿಯುತ್ತಿದ್ದರು. ಗಾಜು ಅಲುಗದಿದ್ದರೆ ಕೆಲಸ ಸರಿ. "ನಾಡಿ ನೋಡ್ತಾ ಇದೀನಿ, ಸುಮ್ನಿರಿ" ಎನ್ನುತ್ತಿದ್ದರು. ಆ ಗುಳಿಯನ್ನು ಮತ್ತೆ ಸವರುತ್ತಿರಲಿಲ್ಲ, ಹಾಗೇ ಬಿಡುತ್ತಿದ್ದರು. ಯಾವತ್ತಾದರೂ ಗಾಜು ಸಡಿಲವಾದರೆ ಮನೆಯವರು ಗುರುತು ತೋರಿಸಿದರೆ ಸಾಕು, ಮಾವ ಮರುಮಾತಾಡದೆ ಬಂದು ಸರಿಮಾಡಿಕೊಡುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಗಾಜು ಜಾರಿ ಅವರ ಬಲ ಹೆಬ್ಬೆರಳು ಸೀಳಿತ್ತು. ಹಾಗಾಗಿ ಗುಳಿಯ ನಡುವೆ ಓರೆಯಾಗಿ ಒಂದು ಗೆರೆ ಏಳುತ್ತಿತ್ತು. ಊರಲ್ಲಿ ಬೇರೆ ಯಾರ ಬೆರಳಿಗೂ ಆ ಗೆರೆ ಇರಲಿಲ್ಲ.

ಆಮೇಲೆ ಯುದ್ಧ ಬಂತು. ಸಂಜೆಯಾದರೆ ವಿಮಾನ. ಸೈರನ್ ಕೂಗಿದರೆ ಎಲ್ಲರೂ ನೆಲಮಾಳಿಗೆಗೆ. ಕಿಟಕಿಗಳಿಗೆ ಕಪ್ಪು ಬಟ್ಟೆ, ಗಾಜಿಗೆ ಅಡ್ಡಡ್ಡ ಅಂಟಿಸಿದ ಕಾಗದದ ಪಟ್ಟಿ. ಬಾಂಬು ಎಲ್ಲೋ ಎರಡು ಬೀದಿ ಆಚೆ ಬಿದ್ದರೂ ಈಚೆಗಿನ ಗಾಜುಗಳು ಪುಡಿಯಾಗುತ್ತಿದ್ದವು. ಮಾವನಿಗೆ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಬೆನ್ನಿಗೆ ಮರದ ಚೌಕಟ್ಟು, ಅದರೊಳಗೆ ಗಾಜು, ಹಿಂದೆ ಪುಟ್ಟಿಯ ಡಬ್ಬಿ ಹಿಡಿದ ನಾನು. ಮಾವ ಕೆಲಸ ಮಾಡುವಾಗ ಶಿಳ್ಳೆ ಹಾಕುತ್ತಿದ್ದರು. ಯುದ್ಧಕ್ಕೆ ಮುಂಚೆಯೂ ಹಾಕುತ್ತಿದ್ದರು. ಆದರೆ ಚಾವಣಿ ಅರ್ಧ ಹಾರಿಹೋದ ಮನೆಯಲ್ಲಿ ನಿಂತು ಶಿಳ್ಳೆ ಹಾಕಿದರೆ ಯಾರಿಗೆ ಹಿತವಾಗುತ್ತದೆ? ಜನ ಮುಖ ಗಂಟು ಹಾಕಿಕೊಂಡು ನೋಡುತ್ತಿದ್ದರು. ನಾನು ಹಿಂದಿನಿಂದ ತಿವಿದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಆಗಲೇ ಎದುರಿನ ಮುಂಗೋಣೆಗೆ ಆ ಲೇಖಕರು ಬಂದದ್ದು. ಎದೆಯ ಕಾಯಿಲೆಯೆಂದು ಸೈನ್ಯದವರು ಬಿಟ್ಟಿದ್ದರು. ಕೆಮ್ಮು, ಉದ್ದನೆಯ ಕೋಟು, ಸಣ್ಣ ದನಿ. ಹಗಲೆಲ್ಲ ಕಿಟಕಿಯ ಬಳಿ ಕೂತು ನಮ್ಮ ಅಂಗಡಿಯನ್ನೇ ನೋಡುತ್ತಿದ್ದರು. ಮೊದಲು ನನ್ನನ್ನು ನೋಡುತ್ತಿದ್ದಾರೆ ಎಂದುಕೊಂಡು ಒಂದು ವಾರ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಆಮೇಲೆ ಗೊತ್ತಾಯಿತು, ಅವರು ನೋಡುತ್ತಿದ್ದದ್ದು ಮಾವನನ್ನು. ಸ್ವಲ್ಪ ಬೇಸರವೂ ಆಯಿತು.

ಅವರು ಬರೆದದ್ದು ವಾರಪತ್ರಿಕೆಯಲ್ಲಿ ಬರುತ್ತಿತ್ತು. ಪಕ್ಕದ ಮನೆಯ ಹೊಲಿಗೆಯಕ್ಕ ಅಂಗಿಯ ನಮೂನೆಗಳಿಗಾಗಿ ಆ ಪತ್ರಿಕೆ ತರಿಸುತ್ತಿದ್ದಳು. ಅದು ಓದಿ ಮುಗಿದು ಬೀದಿಯೆಲ್ಲ ಸುತ್ತಿ ನಮ್ಮಲ್ಲಿಗೆ ಬರುತ್ತಿತ್ತು. ಪದ್ಯ ಎಂದರೆ ಪ್ರಾಸ ಇರಬೇಕು, ಹಾಡಲು ಬರಬೇಕು ಎಂದು ತಿಳಿದಿದ್ದವರು ನಾವು. ಇವರ ಪದ್ಯ ನೋಡಿದರೆ ಹೀಗೆ:

ಬೀದಿಯಲ್ಲಿ ಒಂದು ಚಪ್ಪಲಿ.
ಕಾಲು
ಮನೆ ಸೇರಿತೋ ಏನೋ.

ಅಷ್ಟೇ. ಕಾಗದ ಸಿಗದ ಕಾಲದಲ್ಲಿ ಇಷ್ಟಕ್ಕೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಮಾವ ಪತ್ರಿಕೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ನಾನು ಗಾಜು ಕೊಯ್ದ ಮೇಲೆ ಉಳಿಯೋ ತುಂಡಿನ ಥರ ಇದೆಯಲ್ಲೇ" ಎಂದರು. ಅವತ್ತಿನಿಂದ ಲೇಖಕರಿಗೆ ನಮ್ಮ ಮನೆಯಲ್ಲಿ ತುಂಡುಸಾಲು ಎಂದೇ ಹೆಸರು. ಆದರೂ ಒಂದು ಮಾತು ಹೇಳಬೇಕು. ಅದನ್ನು ಓದಿದ ಮೇಲೆ ಬೀದಿಯಲ್ಲಿ ಒಂಟಿ ಚಪ್ಪಲಿ ಕಂಡರೆ ನನಗೆ ದಾಟಿ ಹೋಗಲು ಆಗುತ್ತಿರಲಿಲ್ಲ.

ಆಮೇಲೆ ಆ ಕಥೆ ಬಂತು. ಕಿಟಕಿಗೆ ಗಾಜು ಕೂರಿಸುವ ಒಬ್ಬ ಮನುಷ್ಯ. ಬೆನ್ನಿಗೆ ಗಾಜು ಕಟ್ಟಿಕೊಂಡು, ಶಿಳ್ಳೆ ಹಾಕುತ್ತಾ ಪಾಳುಬಿದ್ದ ನಗರದಲ್ಲಿ ನಡೆಯುತ್ತಾನೆ. ಹೊಸ ಗಾಜನ್ನು ಬೆಳಕಿಗೆ ಹಿಡಿದು, ಮಗುವಿನ ಮುಖ ನೋಡುವವನಂತೆ ನೋಡುತ್ತಾನೆ. ಆ ಸಾಲು ಓದಿ ನನಗೆ ಸಿಟ್ಟು ಬಂತು, ಮಾವ ಇದ್ದದ್ದೇ ಹಾಗೆ. ದಿನವೂ ಜೊತೆಗಿದ್ದ ನನಗೆ ಕಾಣದ್ದು ಎದುರು ಮನೆಯವರಿಗೆ ಕಂಡಿತ್ತು. ಕಥೆಯವನು ಪ್ರತಿ ಕಿಟಕಿಯ ಮೂಲೆಯಲ್ಲೂ ಹೆಬ್ಬೆರಳು ಒತ್ತುತ್ತಾನೆ. ಯಾಕೆ ಒತ್ತುತ್ತೇನೆಂದು ಅವನಿಗೂ ತಿಳಿಯದು. ಕುರುಡರು ಬೆರಳಲ್ಲಿ ಅಕ್ಷರ ಓದುವಂತೆ ಮೇಲಿನಿಂದ ಯಾರೋ ಆ ಗುರುತುಗಳನ್ನು ಓದುತ್ತಾರೆ. ಗುರುತಿರುವ ಮನೆಗೆ ಮರುಸಂಜೆ ಬಾಂಬು ಬೀಳುತ್ತದೆ. ಕೊನೆಯಲ್ಲಿ ಅವನು ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಾನೆ, ಅದು ಯಾರದೆಂದು ಅವನಿಗೆ ಗೊತ್ತಾಗುವುದಿಲ್ಲ.

ಮಾವ ಓದಿ ನಕ್ಕುಬಿಟ್ಟರು. "ನನ್ನ ಶಿಳ್ಳೆನೂ ಹಾಕಿದಾರೆ ನೋಡು!" ಎಂದು ಅತ್ತೆಗೆ ಕೂಗಿ ಹೇಳಿದರು. ಅತ್ತೆ ಪತ್ರಿಕೆ ಈಸಿಕೊಂಡು, ಒಲೆಯ ಮುಂದೆ ನಿಂತೇ ಪೂರ್ತಿ ಓದಿದರು. "ಚೆನ್ನಾಗಿದೆ" ಎಂದಷ್ಟೇ ಹೇಳಿ ಮಡಿಚಿಟ್ಟರು.

ಬೀದಿ ನಗಲಿಲ್ಲ. ಮೊದಲು ಗುಸುಗುಸು. ನಾವು ಹೋದರೆ ಮಾತು ನಿಲ್ಲುತ್ತಿತ್ತು. ಬೀದಿಯ ಕಾವಲು ಸಮಿತಿಗೆ ಔಷಧಿ ಅಂಗಡಿಯವರು ಮುಖಂಡರು. ಗಿಡ್ಡ ಆಸಾಮಿ, ಕೈಯಲ್ಲೊಂದು ಕೋಲು. ಕಪ್ಪು ಬಟ್ಟೆಯ ಸಂದಿಯಿಂದ ಬೆಳಕು ಇಣುಕಿದರೆ ಅದೇ ಕೋಲಿನಿಂದ ಕಿಟಕಿ ತಟ್ಟುತ್ತಿದ್ದರು. ಅವರು ಒಂದು ದಿನ ಮನೆಮನೆಯ ಕಿಟಕಿಯ ಮೂಲೆ ನೋಡುತ್ತಾ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋದರು. ಸಂಜೆಗೆ ಸುದ್ದಿ ಹೊರಬಿತ್ತು. ಕಥೆಯಲ್ಲಿ ಬರೆದದ್ದು ಸತ್ಯ. ಬಾಂಬಿಗೆ ಸಿಕ್ಕಿದ ಮನೆಗಳಿಗೆಲ್ಲ ಗುರುತಿದೆ, ಸಿಗದ ಮನೆಗಳಿಗೆ ಇಲ್ಲ!

ಮರುದಿನ ಅವರು ಅಂಗಡಿಗೆ ಬಂದಾಗ ಮಾವ ಇನ್ನೂ ನಗುತ್ತಲೇ ಇದ್ದರು. "ಅಲ್ರೀ, ಕಿಟಕಿ ಒಡೆದ ಮೇಲೆ ತಾನೇ ನಾನು ಹೋಗೋದು? ಒಡೆಯದೇ ಇರೋ ಮನೆಗೆ ನನ್ನನ್ನ ಯಾಕೆ ಕರೀತಾರೆ?"

"ಎಷ್ಟೋ ಮನೆ ಎರಡೆರಡು ಸಲ ಒಡೆದಿವೆಯಲ್ಲ? ಬ್ರೆಡ್ಡಿನ ಅಂಗಡಿಗೆ ನೀವು ಗಾಜು ಹಾಕಿದ್ರಿ, ಮತ್ತೆ ಅಲ್ಲೇ ಬಿತ್ತು."

"ಅದು ರೈಲ್ವೆ ಸ್ಟೇಷನ್ನಿನ ಪಕ್ಕ ಇದೆ ಸ್ವಾಮಿ. ಆ ಕಡೆ ದಿನಾ ಬೀಳುತ್ತೆ."

"ಹಾಗಾದ್ರೆ ಸ್ಟೇಷನ್ನಿನ ಕಿಟಕಿಗೂ ಗಾಜು ಹಾಕಿದೋರು ನೀವೇನಾ?"

ಮಾವ ಹೌದು ಎಂದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡೆ.

ಇದು ನಗುವ ವಿಷಯವಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ಬೀದಿಯ ರೇಡಿಯೋ ರಿಪೇರಿಯವನ ಮಾಳಿಗೆಯ ಮೇಲೆ ಶತ್ರುಗಳಿಗೆ ಸುದ್ದಿ ಕಳಿಸುವ ತಂತಿ ಇದೆ ಎಂದು ಯಾರೋ ಹೇಳಿದ್ದರು. ಅವನು ಬಟ್ಟೆ ಒಣಹಾಕುವ ತಂತಿ ಅದು. ಮಿಲಿಟರಿ ಜೀಪು ಬಂತು, ಅವನನ್ನು ಹತ್ತಿಸಿಕೊಂಡು ಹೋಯಿತು. ಹೆಂಡತಿ ಆಫೀಸಿನಿಂದ ಆಫೀಸಿಗೆ ಅಲೆದು ಸುಣ್ಣವಾದಳು. ಅವನು ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಯಾರೂ ಹೇಳಲಿಲ್ಲ. ಔಷಧಿ ಅಂಗಡಿಯವರು ಒಂದು ಮಾತು ಹೇಳಿದರೆ ಮಾವನಿಗೂ ಅದೇ ಜೀಪು ಬರುತ್ತಿತ್ತು.

ಜನ ಚಾಕು ಹಿಡಿದು ಗುರುತುಗಳನ್ನು ಕೆರೆಯತೊಡಗಿದರು. ಪುಟ್ಟಿ ಕಿತ್ತುಬಂದ ಮೂಲೆಯಲ್ಲಿ ಗಾಜು ಗಡಗಡ ಅಲುಗುತ್ತಿತ್ತು. ಅದನ್ನು ಸರಿಮಾಡಲು ಮತ್ತೆ ಮಾವನನ್ನೇ ಕರೆಯಬೇಕು, ಬೇರೆ ಗತಿಯಿಲ್ಲ. ಕರೆದು, ಪಕ್ಕದಲ್ಲೇ ನಿಂತು, "ಬೆರಳು ಮಾತ್ರ ಇಡಬೇಡಿ" ಎನ್ನುತ್ತಿದ್ದರು. ಮಾವ ಇಡುವುದನ್ನು ನಿಲ್ಲಿಸಿದರು. ನಿಲ್ಲಿಸಿದ್ದಕ್ಕೂ ಅನುಮಾನ ಬಂತು. ಇಷ್ಟು ವರ್ಷ ಒತ್ತುತ್ತಿದ್ದವನು ಕಥೆ ಬಂದ ಕೂಡಲೇ ಯಾಕೆ ನಿಲ್ಲಿಸಿದ, ಸಿಕ್ಕಿಬಿದ್ದೆ ಎಂದು ತಾನೇ? ಶಿಳ್ಳೆ ನಿಂತಿತು. ಅದಕ್ಕೂ ಒಂದು ಮಾತು ಬಂತು. ಸುಳ್ಳೇಕೆ, ನಾನೂ ಒಂದು ಸಂಜೆ ನೆಲಮಾಳಿಗೆಯಲ್ಲಿ ಕೂತು ಗುರುತಿದ್ದ ಮನೆ ಯಾವುದು, ಬಾಂಬು ಬಿದ್ದ ಮನೆ ಯಾವುದು ಎಂದು ಮನಸ್ಸಿನಲ್ಲೇ ಹೊಂದಿಸಿ ನೋಡಿದೆ. ಅನುಮಾನ ನೆಗಡಿಯ ಹಾಗೆ. ಒಂದೇ ನೆಲಮಾಳಿಗೆಯಲ್ಲಿ ಕೂತವರಿಗೆಲ್ಲ ಹತ್ತುತ್ತದೆ.

ಅತ್ತೆ ಮಾತ್ರ ಏನೂ ಆಡಲಿಲ್ಲ. ಮಾವನ ಊಟದ ಹೊತ್ತಿಗೆ ಊಟ, ಸ್ನಾನದ ಹೊತ್ತಿಗೆ ಬಿಸಿನೀರು. ಅವರಿಗೆ ತಡವಾಗಿ ಹುಟ್ಟಿದ ಮಗು ಇತ್ತು, ಇನ್ನೂ ಎದ್ದು ನಿಲ್ಲಲು ಕಲಿಯುತ್ತಿದ್ದ ಹೆಣ್ಣುಮಗು. ಅದರ ತೊಟ್ಟಿಲು ಅಡುಗೆಮನೆಯ ಕಿಟಕಿಯ ಕೆಳಗೇ ಇತ್ತು.

ಕೊನೆಗೆ ನಾನೇ ಮಾವನನ್ನು ಎದುರು ಮನೆಗೆ ಎಳೆದುಕೊಂಡು ಹೋದೆ. ಲೇಖಕರ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಎಲ್ಲೆಲ್ಲೂ ಕಾಗದ. ಅವರ ಕಿಟಕಿಯ ಕೆಳಗಿನ ಗಾಜೂ ಒಡೆದುಹೋಗಿ ಅಲ್ಲಿ ರಟ್ಟು ಸಿಕ್ಕಿಸಿದ್ದರು. ಮಾವ ಕೂರಲಿಲ್ಲ. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತಾ ಇದ್ದದ್ದನ್ನು ಇದ್ದಂತೆ ಹೇಳಿದರು.

ಲೇಖಕರ ಮುಖ ಬಿಳುಪೇರಿತು. "ಅದು ನಿಮ್ಮ ಬಗ್ಗೆ ಅಲ್ಲ" ಎಂದರು.

ನನಗೆ ರೇಗಿತು. "ಹಾಗಾದ್ರೆ ಬೆರಳು ಒತ್ತೋ ಇನ್ನೊಬ್ಬ ಗಾಜಿನವರನ್ನ ಎಲ್ಲಿಂದಾದ್ರೂ ಕರ್ಕೊಂಡು ಬನ್ನಿ. ಔಷಧಿ ಅಂಗಡಿಯೋರಿಗೆ ತೋರಿಸೋಣ."

"ಸುಮ್ನಿರೇ" ಎಂದರು ಮಾವ. ಲೇಖಕರ ಕಡೆ ತಿರುಗಿ, "ನೀವು ಬರೆದಿದ್ದು ತಪ್ಪು ಅಂತ ನಾನು ಅನ್ನಲ್ಲ. ಬಂದು ಒಂದು ಮಾತು ಹೇಳಿ, ಇದು ಕಟ್ಟಿದ ಕಥೆ ಅಂತ. ಅಷ್ಟು ಸಾಕು" ಎಂದರು.

"ಖಂಡಿತ ಬರ್ತೀನಿ. ಇವತ್ತೇ ಬರ್ತೀನಿ" ಎಂದರು ಅವರು. ಇಷ್ಟು ಬೇಗ ಒಪ್ಪಿದರಲ್ಲ ಎಂದು ನನಗೆ ಅದರ ಮೇಲೂ ಅನುಮಾನ ಬಂತು.

ಆದರೆ ಬಂದರು. ಔಷಧಿ ಅಂಗಡಿಯ ಮುಂದೆ ಸಮಿತಿಯವರೂ ಬೀದಿಯ ಜನವೂ ಸೇರಿದ್ದರು. ಲೇಖಕರು ಕೆಮ್ಮುತ್ತಾ, ಕಥೆ ಎಂದರೇನು, ಕಲ್ಪನೆ ಎಂದರೇನು, ಯುದ್ಧದಲ್ಲಿ ಪ್ರತಿಯೊಬ್ಬನೂ ತನ್ನ ಕೈಯನ್ನೇ ಹೇಗೆ ನಂಬದಂತಾಗುತ್ತಾನೆ ಎಂದು ವಿವರಿಸಿದರು. ಯಾರಿಗೂ ತಲೆಬುಡ ತಿಳಿಯಲಿಲ್ಲ. "ಕೈ ನಂಬಬಾರದು ಅಂತ ಅವರೇ ಅಂದ್ರಲ್ಲ" ಎಂದು ಹಿಂದಿನಿಂದ ಯಾರೋ ಹೇಳಿದರು. ಇನ್ನು ಸ್ವಲ್ಪ ಹೊತ್ತು ಮಾತಾಡಲು ಬಿಟ್ಟಿದ್ದರೆ ಜೀಪು ಅಲ್ಲಿಗೇ ಬರುತ್ತಿತ್ತು. ಪುಣ್ಯಕ್ಕೆ ಹೊಲಿಗೆಯಕ್ಕ ನಡುವೆ ಬಾಯಿಹಾಕಿದಳು.

"ಅದೆಲ್ಲ ಇರ್ಲಿ ಸಾರ್. ನಿಮ್ಮ ಕಿಟಕಿಗೆ ರಟ್ಟು ಇದೆಯಲ್ಲ, ಅಲ್ಲಿಗೆ ಇವರ ಕೈಲಿ ಗಾಜು ಹಾಕಿಸ್ಕೊಳ್ತೀರಾ? ಬೆರಳು ಒತ್ತಿಸ್ಕೊಳ್ತೀರಾ?"

ಲೇಖಕರು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರು. ಅದನ್ನು ನಾನು ನೋಡಿದೆ. ಆಮೇಲೆ "ಧಾರಾಳವಾಗಿ" ಎಂದರು.

ಎಲ್ಲರೂ ಹಿಂದೆ ಬಂದರು. ಮಾವ ಅಳತೆ ತೆಗೆದು, ಗಾಜು ಕೊಯ್ದು, ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸಿದರು. ಆ ಕಿಟಕಿ ಬೀದಿಗೆ ಎದೆಮಟ್ಟದಲ್ಲಿತ್ತು, ಹೊರಗೆ ನಿಂತೇ ಕೆಲಸ. ನಾನು ಕೊಟ್ಟ ಪುಟ್ಟಿಯನ್ನು ಮೆತ್ತಿ ಸವರಿದರು. ಕೊನೆಗೆ ಬೆರಳನ್ನು ಅಂಗಿಗೆ ಒರೆಸಿಕೊಂಡು, ಎಷ್ಟೋ ದಿನದ ಮೇಲೆ, ಮೂಲೆಯಲ್ಲಿ ಒತ್ತಿ ಹಿಡಿದರು.

ಔಷಧಿ ಅಂಗಡಿಯವರು ಕೋಲಿನ ತುದಿಯಿಂದ ಗುರುತನ್ನು ತೋರಿಸಿ ತೀರ್ಪು ಕೊಟ್ಟರು. "ಇದು ಹೀಗೇ ಇರ್ಲಿ. ಬರೆದೋರು ಇದರ ಪಕ್ಕದಲ್ಲೇ ಮಲಗ್ತಾರೆ. ನಾನು ದಿನಾ ಬೆಳಿಗ್ಗೆ ಬಂದು ನೋಡ್ತೀನಿ. ಗುರುತೂ ಇದ್ದು ಅವರೂ ಇದ್ರೆ, ಇದು ಕಥೆ ಅಂತ ನಾನು ಒಪ್ತೀನಿ. ಗುರುತು ಮಾಯ ಆದ್ರೆ ನಾನು ಹೇಳಬೇಕಾದ ಕಡೆ ಹೇಳ್ತೀನಿ."

ಅವತ್ತು ಮಾವ ಊಟಕ್ಕೆ ಕೂತಾಗ ಮತ್ತೆ ಶಿಳ್ಳೆ ಹಾಕಿದರು. "ಬರೆದೋನೇ ನನ್ನ ಪರ ನಿಂತ ಕಣೇ. ಎಲ್ಲರ ಮುಂದೆ ನಿಂತ" ಎಂದು ಅತ್ತೆಗೆ ಎರಡೆರಡು ಸಲ ಹೇಳಿದರು. ಮರುದಿನದಿಂದ ತುಂಡುಸಾಲು ಎನ್ನುವುದನ್ನೂ ಬಿಟ್ಟರು. ನಾನು ಹಾಗೆಂದರೆ ಗದರುತ್ತಿದ್ದರು.

ಕೆಲವು ದಿನ ಎಲ್ಲ ಸರಿಯಿತ್ತು. ಬೆಳಿಗ್ಗೆ ಕೋಲಿನ ಸದ್ದು, ಔಷಧಿ ಅಂಗಡಿಯವರು ಬಗ್ಗಿ ನೋಡುವುದು, "ಹೂಂ" ಎಂದು ಹೋಗುವುದು. ಆಮೇಲೆ ಒಂದು ಸಂಜೆ ವಿಮಾನಗಳು ಬಹಳ ಹತ್ತಿರ ಬಂದವು. ನೆಲಮಾಳಿಗೆಯ ಗೋಡೆಯಿಂದ ಮಣ್ಣು ಉದುರಿತು. ನಮ್ಮ ಬೀದಿಯಲ್ಲಿ ಏನೂ ಬೀಳಲಿಲ್ಲ. ಬೆಳಿಗ್ಗೆ ಅಂಗಡಿಯ ಮುಂದೆ ಗುಡಿಸಲು ಹೋದ ನನಗೆ ಎದುರು ಕಿಟಕಿಯ ಕೆಳಗೆ ಬಿಳಿಯ ಚೂರುಗಳು ಕಂಡವು. ಹತ್ತಿರ ಹೋದೆ. ಮೂಲೆಯ ಪುಟ್ಟಿ ಕಿತ್ತುಬಂದಿತ್ತು. ಗುರುತಿದ್ದ ಜಾಗದಲ್ಲಿ ಮರ ಕಾಣುತ್ತಿತ್ತು, ಚಾಕುವಿನ ಗೀರುಗಳಿದ್ದವು.

ಬೀದಿಯವರಲ್ಲಿ ಯಾರೋ ಬೇಕಂತಲೇ ಮಾಡಿದ್ದಾರೆ ಎಂದುಕೊಂಡು ಬಾಗಿಲು ಬಡಿದೆ. ಲೇಖಕರು ತೆರೆದರು. ಅದೇ ಕೋಟು, ಕೆಂಪಾದ ಕಣ್ಣು. ಅವರ ಉಗುರಿನ ಸಂದಿಯಲ್ಲೆಲ್ಲ ನನ್ನ ಪುಟ್ಟಿ.

"ನೀವಾ?" ಎಂದೆ.

ಅವರು ಕೈ ನೋಡಿಕೊಂಡರು. "ನಾನೇ ಕಟ್ಟಿದ ಕಥೆ. ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ ನಿನ್ನೆ ಆ ಸದ್ದಿಗೆ... ಅದರ ಪಕ್ಕದಲ್ಲಿ ಮಲಗೋಕೆ ಆಗಲಿಲ್ಲಮ್ಮ. ಕೈ ತಾನಾಗಿ ಹೋಯ್ತು."

"ನಿಮಗೆ ನಿದ್ದೆ ಬರಲಿಲ್ಲ ಅಂತ ನಮ್ಮ ಮಾವ ಜೀಪು ಹತ್ತಬೇಕಾ?"

ನನಗೆ ಅವರ ಮುಖಕ್ಕೆ ಉಗಿಯಬೇಕೆನಿಸಿತು. ಅದಕ್ಕೆ ಸಮಯವಿರಲಿಲ್ಲ. ಬೀದಿಯ ತುದಿಯಲ್ಲಿ ಕೋಲು ಕುಟ್ಟುವ ಸದ್ದು ಆಗಲೇ ಕೇಳುತ್ತಿತ್ತು.

ಓಡಿಹೋಗಿ ಡಬ್ಬಿಯಿಂದ ಒಂದು ಹಿಡಿ ಪುಟ್ಟಿ ತಂದೆ. ಚೂರುಗಳನ್ನು ಕಾಲಿನಿಂದ ಚರಂಡಿಗೆ ತಳ್ಳಿದೆ. ಮೂಲೆಗೆ ಮೆತ್ತಿದೆ, ಬೆರಳಲ್ಲೇ ಸವರಿದೆ, ನನ್ನ ಹೆಬ್ಬೆರಳನ್ನು ಒತ್ತಿದೆ. ಚಿಕ್ಕದಾಯಿತು. ಅತ್ತಿತ್ತ ಆಡಿಸಿ ಅಗಲ ಮಾಡಲು ನೋಡಿದೆ, ಅದು ಅಷ್ಟಕ್ಕೇ ನಿಂತಿತು. ಇನ್ನು ಗೆರೆ. ತಲೆಯಿಂದ ಕೂದಲ ಪಿನ್ನು ಕಿತ್ತು ಗುಳಿಯ ನಡುವೆ ಓರೆಯಾಗಿ ಎಳೆದೆ. ಪಿನ್ನು ಮತ್ತೆ ತಲೆಗೆ ಹೋಗುವುದಕ್ಕೂ ಔಷಧಿ ಅಂಗಡಿಯವರು ಬರುವುದಕ್ಕೂ ಸರಿಹೋಯಿತು.

ಅವರು ಬಗ್ಗಿದರು. ಆವತ್ತು ಯಾವತ್ತಿಗಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು. ಮೂಗಿನಿಂದ ಉಸಿರೆಳೆದರು.

"ಎಣ್ಣೆ ವಾಸನೆ ಇನ್ನೂ ಇದೆ?"

"ಪುಟ್ಟಿ ಒಣಗೋಕೆ ವಾರಗಟ್ಟಲೆ ಬೇಕು ಸಾರ್" ಎಂದೆ. ಅದು ನಿಜವೇ ಆಗಿದ್ದರಿಂದ ದನಿ ನಡುಗಲಿಲ್ಲ.

ಅವರು ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಲೇಖಕರನ್ನು ನೋಡಿದರು. ಲೇಖಕರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಿದ್ದರು. "ಹೂಂ" ಎಂದು ಔಷಧಿ ಅಂಗಡಿಯವರು ಹೊರಟರು. ಕೋಲಿನ ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಮಾವ ಆಗಲೇ ಕೆಲಸಕ್ಕೆ ಹೋಗಿದ್ದರು. ಅತ್ತೆ ಕಿಟಕಿಗೆ ಬೆನ್ನು ಮಾಡಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದರು, ಮಗು ತೊಟ್ಟಿಲಲ್ಲಿ ಆಡುತ್ತಿತ್ತು. ನಾನು ಹೊಟ್ಟೆಯಲ್ಲಿದ್ದ ಕಿಚ್ಚನ್ನೆಲ್ಲ ಕಾರಿದೆ. "ನೋಡಿ ಅತ್ತೆ, ತಾನೇ ಬರೆದು, ತಾನೇ ಸಾಕ್ಷಿ ಹೇಳಿ, ತಾನೇ ಕೆರೆದು ಹಾಕಿದಾನೆ. ಎಂಥಾ ಹೇಡಿ! ಮಾವನ ಬಗ್ಗೆ ಎಳ್ಳಷ್ಟಾದ್ರೂ ನಂಬಿಕೆ ಇರೋರು ಹೀಗೆ ಮಾಡ್ತಾರಾ?"

ಅತ್ತೆಯ ಕೈ ನಿಂತಿತು. "ಮಾವನಿಗೆ ಹೇಳಬೇಡ" ಎಂದರು.

ಹೇಳಿದ ರೀತಿ ಸರಿಯಿರಲಿಲ್ಲ. ಅವರ ಮುಖ ನೋಡಿದೆ. ಆಮೇಲೆ ಅವರ ಹಿಂದಿನ ಕಿಟಕಿಯನ್ನು ನೋಡಿದೆ. ಅದರ ಕದ ಒಳಕ್ಕೆ ತೆರೆದಿತ್ತು, ಹೊರಬದಿ ನನ್ನ ಕಡೆಗಿತ್ತು. ಕೆಳಗಿನ ಬಲಮೂಲೆ ನುಣ್ಣಗಿತ್ತು. ಲೇಖಕರ ಹಾಗೆ ಚಾಕುವಿನಲ್ಲಿ ಕಿತ್ತದ್ದಲ್ಲ. ಹೊಸ ಪುಟ್ಟಿ ತುಂಬಿ, ಚಮಚದ ಬೆನ್ನಿನಿಂದ ಸವರಿ, ಮೇಲೆ ಬಣ್ಣವನ್ನೂ ಹಚ್ಚಿತ್ತು. ಗಾಜಿನವರ ಹೆಂಡತಿ ಮಾಡಿದ ಅಚ್ಚುಕಟ್ಟಾದ ಕೆಲಸ. ಬಣ್ಣ ಒಣಗಿ ಎಷ್ಟೋ ದಿನವಾಗಿತ್ತು. ದಿನಾ ಅದರ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದ ನನ್ನ ಅನುಮಾನದ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಮಗು ಇಲ್ಲೇ ಮಲಗುತ್ತಲ್ಲ" ಎಂದರು ಅತ್ತೆ. ಅಷ್ಟೇ ಹೇಳಿ ಮತ್ತೆ ಹೆರೆಯತೊಡಗಿದರು. ಕಣ್ಣೀರು ಆಲೂಗಡ್ಡೆಯ ಮೇಲೆ ಬೀಳುತ್ತಿತ್ತು.

ನಾನು ಯಾರಿಗೂ ಏನೂ ಹೇಳಲಿಲ್ಲ. ಆದರೆ ಹೊಟ್ಟೆಯೊಳಗೆ ಇಟ್ಟುಕೊಂಡಿರಲೂ ಆಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಪುಟ್ಟಿ ನಾದುತ್ತಾ, ಅಡುಗೆಮನೆ ಕಿಟಕಿಯ ಗಾಜು ಗಟ್ಟಿಯಾಗಿದೆಯೇ ಎಂದು ಬೇರೆ ಏನೋ ಕೇಳುವವಳಂತೆ ಮಾವನನ್ನು ಕೇಳಿದೆ. ಮಾವ ಗಾಜಿನಿಂದ ತಲೆ ಎತ್ತಲಿಲ್ಲ.

"ಗಟ್ಟಿಯಾಗಿದೆ. ಗಾಳಿ ನುಗ್ಗದ ಹಾಗೆ ಮುಚ್ಚಿದಾಳೆ."

"ನಿಮಗೆ ಗೊತ್ತಾ?"

"ಪತ್ರಿಕೆ ಬಂದ ಮಾರನೇ ದಿನವೇ. ನಾನು ಕೂರಿಸಿದ ಕಿಟಕಿ, ನನಗೆ ಗೊತ್ತಾಗಲ್ವೇನೇ?"

"ಏನೂ ಅನ್ನಲಿಲ್ವಾ ನೀವು?"

"ಏನನ್ನೋದು? ಅವಳು ನಿದ್ದೆ ಮಾಡ್ಲಿ ಬಿಡು." ಅಳತೆಪಟ್ಟಿ ಕೈಗೆತ್ತಿಕೊಂಡು, "ಎದುರು ಮನೆಯದೂ ಗೊತ್ತು. ಗೆರೆ ಎಡಕ್ಕೆ ವಾಲಿದೆ. ನಂದು ಬಲಕ್ಕೆ" ಎಂದರು. ಅದನ್ನು ಗಾಜಿನ ಮೇಲಿಟ್ಟು ಕೊಯ್ಯತೊಡಗಿದರು.

ಜೀಪು ಬರಲಿಲ್ಲ. ಎದುರು ಕಿಟಕಿ ಯುದ್ಧ ಮುಗಿಯುವವರೆಗೂ ಒಡೆಯಲಿಲ್ಲ. ಔಷಧಿ ಅಂಗಡಿಯವರೇ ಮಾವನನ್ನು ಕರೆಸಿ ತಮ್ಮ ಅಂಗಡಿಗೆ ಗಾಜು ಹಾಕಿಸಿಕೊಂಡು, "ಬೆರಳು ಒತ್ತಿ, ಪರವಾಗಿಲ್ಲ" ಎಂದರು. ಮಾವ ಅವರಿಗೂ ಒತ್ತಿದರು, ಬೀದಿಯ ಬೇರೆಯವರಿಗೂ ಒತ್ತಿದರು, ಕೇಳಿದವರಿಗೆಲ್ಲ ಒತ್ತಿದರು. ಲೇಖಕರು ಬೇರೆ ಊರಿಗೆ ಹೋದರು. ಅವರ ಪುಸ್ತಕ ಬಂತು, ಹೆಸರು ಬಂತು. ಪುಸ್ತಕದ ಒಂದು ಪ್ರತಿಯನ್ನು ಮಾವನಿಗೆ ಅಂಚೆಯಲ್ಲಿ ಕಳಿಸಿದ್ದರು. ಮಾವ ಅದನ್ನು ಗಾಜಿನ ಹಾಳೆಗಳ ಗೂಡಿನಲ್ಲೇ ನಿಲ್ಲಿಸಿಟ್ಟಿದ್ದರು.

ಯುದ್ಧ ಮುಗಿದ ಮರುವರ್ಷ, ಒಂದು ರಜೆಯ ದಿನ, ಅತ್ತೆ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಅಡುಗೆಮನೆಯ ಕಿಟಕಿಯ ಗಾಜು ಅಲುಗುತ್ತಿದೆ ಎಂದರು. ಅದು ಅಲುಗುತ್ತಿರಲಿಲ್ಲ, ಬೆಳಿಗ್ಗೆ ಅವರೇ ಮೂಲೆಯ ಪುಟ್ಟಿಯನ್ನು ಚಾಕುವಿನಿಂದ ಎಬ್ಬಿಸಿದ್ದನ್ನು ನಾನು ಕಂಡಿದ್ದೆ. ಮಾವ ಎದ್ದು ಬಂದರು. ಹಳೆಯ ಪುಟ್ಟಿ ತೆಗೆದು, ಹೊಸದು ಮೆತ್ತಿ, ಚೂರಿಯಿಂದ ಸವರಿದರು. ಅತ್ತೆ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಮಾವ ಚೂರಿಯನ್ನು ಒರೆಸಿ ಡಬ್ಬಿಗೆ ಹಾಕಿದರು.

"ಬೆರಳು?" ಎಂದರು ಅತ್ತೆ.

"ಈ ಕಿಟಕಿಗೆ ರೂಢಿ ತಪ್ಪಿಹೋಯ್ತು ಕಣೇ" ಎಂದರು ಮಾವ. ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ಮಗುವಿನ ಕೆನ್ನೆ ತಟ್ಟಿ, ಡಬ್ಬಿ ಎತ್ತಿಕೊಂಡು ಅಂಗಡಿಗೆ ಹೋದರು. ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು, ಏನೂ ಆಗದವರಂತೆ ಒಲೆ ಹಚ್ಚಿದರು.